ಎರಡು ಸೀಟಿಗೆ ಹೊರಡುವ ಕಾರು

ಶಲವಡಿ
೧೪ ಅಕ್ಟೋಬರ್ ೨೦೨೪

ದೋಸ್ತ ಇಸ್ಮಾಯಿಲಸಾಬನಿಗೆ ಮಡಿವಾಳೆಪ್ಪನ ಶರಣು, ಸಲಾಮು ಎರಡೂ.

ನಿನಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಪ್ರತಿ ಸಲವೂ ನಿನ್ನ ಮಗಳು ತಬಸುಮ್ ಎತ್ತುತ್ತಾಳೆ. "ಅಬ್ಬಾಗ ಫೋನಿನಾಗ ಕೇಳಂಗಿಲ್ರಿ ಕಾಕಾ, ಏನಿದ್ರೂ ನನಗ ಹೇಳ್ರಿ" ಅನ್ನುತ್ತಾಳೆ. ನಾನು ಸ್ಟೇರಿಂಗ್ ಹಿಡಿದು ನೀನು ತಿಕೀಟು ಹರಿದು ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು ನಾವು. ನಿನಗೆ ಬೈಯಬೇಕಾದ್ದನ್ನು ಮಗಳ ಬಾಯಲ್ಲಿ ಹೇಳಿ ಕಳಿಸಲು ಆಗುತ್ತದೆಯೇ? ಅದಕ್ಕೇ ಕಾಗದ ಹಿಡಿದಿದ್ದೇನೆ. ಇದನ್ನು ಹುಬ್ಬಳ್ಳಿ ಗಾಡಿಯ ಡ್ರೈವರ್ ಕೈಗೆ ಕೊಡುತ್ತೇನೆ. ಅಲ್ಲಿಂದ ಕಲಘಟಗಿ ಗಾಡಿಯವರು ನಿಮ್ಮ ತಂಬೂರಕ್ಕೆ ಮುಟ್ಟಿಸುತ್ತಾರೆ. ನಿವೃತ್ತರಾದರೂ ನಮಗೆ ಇಷ್ಟಾದರೂ ಮರ್ಯಾದೆ ಉಳಿದಿದೆ.

ಸುದ್ದಿ ಏನೆಂದರೆ, ನಾನು ಮತ್ತೆ ಡ್ರೈವರ್ ಆಗಿದ್ದೇನೆ. ನಗಬೇಡ. ಮನೆಯಲ್ಲಿ ಊಟಕ್ಕೆ ಕೂತಾಗಲೂ ನನ್ನ ಬಲಗಾಲು ಬ್ರೇಕು ಹುಡುಕುತ್ತದೆ ಎಂದು ರೇವವ್ವ ನಮ್ಮ ಮಗಳು ಅಮೃತಾಳ ಮುಂದೆ ದೂರು ಹೇಳಿದಳು. ಅಮೃತಾ ಮುಂದಿನ ವಾರವೇ ಅಣ್ಣಿಗೇರಿಯಿಂದ ಒಂದು ರಿಮೋಟ್ ಕಾರು ತಂದು ಕೈಗಿಟ್ಟಳು. ಬೆಕ್ಕಿನಷ್ಟು ದೊಡ್ಡದು, ಓಡಿದರೆ ನಾಯಿಗೂ ಸಿಗುವುದಿಲ್ಲ. ಮೊದಲು ನಾನೂ ಮೂಗು ಮುರಿದೆ. ಈಗ ಬೆಳಗಿನ ಚಹಾಕ್ಕಿಂತ ಮೊದಲು ಅಂಗಳದಲ್ಲಿ ಒಂದು ಟ್ರಿಪ್ ಆಗಲೇಬೇಕು. ಹೊರಡುವ ಮುಂಚೆ ರೇವವ್ವ ಎರಡು ಸೀಟಿ ಊದಬೇಕು. ಒಂದೇ ಊದಿದರೆ ನನ್ನ ಬೆರಳು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೊರಡು ಎಂದು ನೀನು ಹಾಕಿಕೊಟ್ಟ ರೂಢಿ ಇನ್ನು ಈ ಜನ್ಮಕ್ಕೆ ಹೋಗುವಂಥದ್ದಲ್ಲ.

ಮೊನ್ನೆ ಖಂಡೆಪೂಜೆಗೆ ಕಾರಿಗೂ ಕುಂಕುಮ ಹಚ್ಚಿ, ಬಸ್ಸಿಗೆ ಇಟ್ಟ ಹಾಗೆ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟೆವು. ಗಾಡಿ ಲಿಂಬೆಹಣ್ಣು ಹತ್ತಲಾರದೆ ಮಗುಚಿ ಬಿತ್ತು. ರೇವವ್ವ ನಕ್ಕ ನಗುವಿಗೆ ಓಣಿಯವರೆಲ್ಲ ಬಂದರು.

ಈಗ ವಿಷಯ. ಕಾರು ಸ್ವಲ್ಪ ಹೊತ್ತು ಓಡುತ್ತದೆ, ಆಮೇಲೆ ಸೊರಗುತ್ತದೆ, ನಿಲ್ಲುತ್ತದೆ. ಬ್ಯಾಟರಿಯ ವೈರನ್ನೂ ಕಾರಿನ ವೈರನ್ನೂ ಜೋಡಿಸುವ ಬಿಳಿ ಪ್ಲಗ್ ಮುಟ್ಟಿದರೆ ಚುರುಕ್ ಅನ್ನುತ್ತದೆ. ಒಂದು ಬದಿ ಕಂದಾಗಿ ಮೆತ್ತಗಾಗಿದೆ, ವಾಸನೆ ಬೇರೆ. ಫೆಬ್ರುವರಿಯಲ್ಲಿ ಕಡಲೆ ಕಿತ್ತ ಮೇಲೆ ನಮ್ಮ ಹೊಲದಲ್ಲೇ ಈ ಕಾರುಗಳ ಪಂದ್ಯ ಇದೆ. ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿರುವ ಮುಜಫರ್ ಅದನ್ನು ನಡೆಸುವವನು. ನಾನು ಹೆಸರು ಕೊಟ್ಟಾಗಿದೆ. ನೀನು ರೇಡಿಯೋ, ಮಿಕ್ಸರ್ ಎಲ್ಲಾ ರಿಪೇರಿ ಮಾಡಿದವನು. ಏನು ಮಾಡಬೇಕು ಹೇಳು.

ನಿನ್ನ ಡ್ರೈವರ್,
ಮಡಿವಾಳೆಪ್ಪ


ತಂಬೂರ
೨೩ ಅಕ್ಟೋಬರ್ ೨೦೨೪

ಡ್ರೈವರ್ ಸಾಹೇಬರ ಸನ್ನಿಧಿಗೆ,

ಕಾಗದ ಮುಟ್ಟಿತು. ಲಿಂಬೆಹಣ್ಣಿನ ಸಂಗತಿಯನ್ನು ನಮ್ಮ ಮನೆಯವಳು ರಾಜಮಾಬಿಗೂ ತೋರಿಸಿದೆ. ಅವಳೂ ನಕ್ಕಳು.

ನಿನ್ನ ಕಾರಿಗೇನೂ ಆಗಿಲ್ಲ. ಆ ಬಿಳಿ ಪ್ಲಗ್ಗಿನ ಒಳಗಿನ ತಗಡು ಬಹಳ ತೆಳ್ಳಗೆ. ಮೋಟರು ಕೇಳುವಷ್ಟು ಕರೆಂಟು ಅದರಲ್ಲಿ ಹಾಯುವುದಿಲ್ಲ. ನಮ್ಮ ಬಸ್ಸಿಗೆ ಮೊರಬದ ಸಂತೆಯ ದಿನ ಜನ ಹತ್ತುತ್ತಿದ್ದರಲ್ಲ, ಬಾಗಿಲು ಒಂದೇ, ನೂಕುನುಗ್ಗಲು. ಆ ನೂಕುನುಗ್ಗಲಿನ ಬಿಸಿಯೇ ಈಗ ಪ್ಲಗ್ ಕರಗಿಸುತ್ತಿರುವುದು. ಅದನ್ನು ಕಿತ್ತು ಬೇರೆ ಹಾಕಬೇಕು.

ಎರಡು ಜಾತಿಯವು ಸಿಗುತ್ತವೆ. ಒಂದು ಕೆಂಪು, ಅದಕ್ಕೆ ಟಿ ಪ್ಲಗ್ ಅನ್ನುತ್ತಾರೆ. ಚೆನ್ನಾಗಿಯೇ ಇದೆ. ಆದರೆ ಚಿಕ್ಕದು, ಬೆಸುಗೆ ಹಾಕಲು ಕೈ ಕೂತಿರಬೇಕು, ಬಿಚ್ಚುವಾಗ ಹಲ್ಲು ಕಚ್ಚಿ ಎಳೆಯಬೇಕು. ಇನ್ನೊಂದು ಹಳದಿ, ಎಕ್ಸ್‌ಟಿ ಅರವತ್ತು. ಕಡ್ಡಿ ದಪ್ಪ, ಹಿಡಿಯಲು ಮೈ ಇದೆ. ಒಂದು ಬದಿಯ ಮೂಲೆ ಕತ್ತರಿಸಿದ ಹಾಗಿರುವುದರಿಂದ ತಿರುವುಮುರುವು ಹಾಕಲು ಬರುವುದೇ ಇಲ್ಲ. ನಿನ್ನ ಸ್ವಭಾವ ನನಗೆ ಗೊತ್ತಿರುವುದರಿಂದ ಹಳದಿಯನ್ನೇ ಆರಿಸಿದ್ದೇನೆ. ಎರಡು ಜೋಡಿ ಇದರೊಳಗಿದೆ. ಒಂದು ಹಾಕಲು, ಇನ್ನೊಂದು ನೀನು ಕೆಡಿಸಿದ ಮೇಲೆ ಹಾಕಲು.

ಗಮನವಿಟ್ಟು ಓದು. ಬ್ಯಾಟರಿಯ ಕಡೆಗೆ ತೂತಿರುವುದನ್ನು ಹಾಕು, ಕಾರಿನ ಕಡೆಗೆ ಕಡ್ಡಿ ಇರುವುದನ್ನು ಹಾಕು. ಬ್ಯಾಟರಿಯಲ್ಲಿ ಯಾವಾಗಲೂ ಜೀವ ಇರುತ್ತದೆ, ಅದರ ಲೋಹ ಹೊರಗೆ ಕಾಣಬಾರದು. ಕೆಂಪು ವೈರು ಅಧಿಕದ ಗುರುತಿಗೆ, ಕರಿಯದು ಋಣದ ಗುರುತಿಗೆ. ಬ್ಯಾಟರಿಯ ವೈರುಗಳನ್ನು ಒಂದಾದ ಮೇಲೆ ಒಂದು ಕತ್ತರಿಸು. ಎರಡನ್ನೂ ಒಟ್ಟಿಗೆ ಎಂದಿಗೂ ಕತ್ತರಿಸಬೇಡ. ಬೆಸುಗೆಗೆ ಮೊದಲೇ ವೈರಿಗೆ ಸ್ಲೀವ್, ಅಂದರೆ ಬೆಸುಗೆ ಮುಚ್ಚುವ ಸಣ್ಣ ಕೊಳವೆ, ತೊಡಿಸು, ಆಮೇಲೆ ತೊಡಿಸಲು ದಾರಿ ಇರುವುದಿಲ್ಲ. ಬೆಸುಗೆ ಹಾಕುವಾಗ ಜೋಡಿಯ ಇನ್ನೊಂದು ಖಾಲಿ ಪ್ಲಗ್ಗನ್ನು ಎದುರಿಗೆ ಚುಚ್ಚಿಡು. ಇಲ್ಲದಿದ್ದರೆ ಬಿಸಿಗೆ ಪ್ಲಾಸ್ಟಿಕ್ ಸಡಿಲಾಗಿ ಕಡ್ಡಿ ವಾಲುತ್ತದೆ.

ನಾನು ಚೆನ್ನಾಗಿದ್ದೇನೆ. ಮಾತು ಕಡಿಮೆ ಮಾಡಿದ್ದೇನೆ, ಅಷ್ಟೇ. ಕಾಗದದಲ್ಲಿ ಹೇಳುವುದು ಸುಖ.

ತಿಕೀಟು ಹರಿದವನು,
ಇಸ್ಮಾಯಿಲಸಾಬ


ಶಲವಡಿ
೧೧ ನವೆಂಬರ್ ೨೦೨೪

ಸಾಬಾ,

ಕೆಲಸ ಮುಗಿಯಿತು. ಹೇಗೆ ಮುಗಿಯಿತು ಎಂದು ಕೇಳಬೇಡ, ನಾನೇ ಹೇಳುತ್ತೇನೆ.

ಒಂದಾದ ಮೇಲೆ ಒಂದು ಎಂದು ನೀನು ಬರೆದಿದ್ದೆ, ನಿಜ. ಆದರೆ ಎರಡು ವೈರೂ ಅಕ್ಕಪಕ್ಕ ಇವೆಯಲ್ಲ, ಒಂದೇ ಏಟಿಗೆ ಆಗುವುದಕ್ಕೆ ಎರಡು ಏಟು ಯಾಕೆ ಎಂದುಕೊಂಡೆ. ಕೈಗೆ ಸಿಕ್ಕಿದ್ದು ರೇವವ್ವನ ಅಡಕತ್ತರಿ. ಚಟ್ ಅಂದಿತು, ನೀಲಿ ಬೆಳಕು ಬಂತು, ಅಡಕತ್ತರಿಯ ಬಾಯಲ್ಲಿ ಇಲಿ ಕಚ್ಚಿದಷ್ಟು ತುಂಡು ಮಾಯ. ಅದು ರೇವವ್ವನ ತವರಿನಿಂದ ಬಂದದ್ದು. ನಾನು ಬದುಕಿದೆನೋ ಇಲ್ಲವೋ ಎಂದು ಅವಳು ಆಮೇಲೆ ನೋಡಿದಳು, ಮೊದಲು ಅಡಕತ್ತರಿ ನೋಡಿದಳು.

"ಬಸ್ಸಿನಾಗ ಇಷ್ಟ್ ಮಂದೀನ ಸುರಕ್ಷಿತ ಒಯ್ದಾವ್ರು ಇವರೇನಾ?" ಎಂದು ಕೇಳಿದಳು.

ಸ್ಲೀವ್ ಮರೆತೆ. ಬೆಸುಗೆ ಅಗದಿ ಚಂದ ಕೂತಿತ್ತು, ಹೊಳೆಯುತ್ತಿತ್ತು, ಅಮೃತಾಳನ್ನು ಕರೆದು ತೋರಿಸುತ್ತಿದ್ದೆ. ಅವಳು ಮೇಜಿನ ಮೇಲಿದ್ದ ಸ್ಲೀವ್ ಎತ್ತಿ ಹಿಡಿದು, "ಅಪ್ಪಾ, ಇದೇನ್ ಬೆರಳಿಗೆ ಹಾಕ್ಕೊಳ್ಳೂದೇನ?" ಅಂದಳು. ಮತ್ತೆ ಕಾಯಿಸಿ ಬಿಚ್ಚಿ, ತೊಡಿಸಿ, ಮತ್ತೆ ಹಾಕಿದೆ. ಎರಡನೆಯ ಬೆಸುಗೆ ಮೊದಲಿನಷ್ಟು ಚಂದ ಇಲ್ಲ, ಆದರೆ ಗಟ್ಟಿಯಾಗಿದೆ.

ಕಾರು ಓಡಿದ್ದೇ ಓಡಿದ್ದು! ಕನೆಕ್ಟರ್ ಮುಟ್ಟಿ ನೋಡಿದರೆ ಬಿಸಿಯ ಸುಳಿವೇ ಇಲ್ಲ. ಅಂಗಳ ಸಾಲದೆ ದಾರಿಗೆ ಇಳಿಸಿದೆ. ನಿನ್ನ ಹೆಸರು ಹೇಳಿ ಓಣಿಯವರಿಗೆಲ್ಲ ಚಹಾ ಕುಡಿಸಿದೆ.

ಬ್ಯಾಟರಿ ಖಾಲಿಯಾಯಿತು. ಚಾರ್ಜ್ ಮಾಡೋಣ ಎಂದು ಹೋದರೆ, ಚಾರ್ಜರ್ ಹಳೆಯ ಬಿಳಿ ಬಾಯಿ ತೆರೆದುಕೊಂಡು ಕೂತಿದೆ! ಬ್ಯಾಟರಿಗೆ ಹಳದಿ, ಚಾರ್ಜರಿಗೆ ಬಿಳಿ. ಒಂದಕ್ಕೊಂದು ಸೇರುವುದಿಲ್ಲ. ಲೇ ಸಾಬಾ, ಇಷ್ಟುದ್ದ ಉಪದೇಶ ಬರೆದವನು ಇದೊಂದು ಮಾತು ಬರೆಯಬಾರದಿತ್ತೇ? ಕಾರು ಈಗ ಟಿವಿಯ ಮೇಲೆ ಕೂತಿದೆ. ರೇವವ್ವ ಅದಕ್ಕೊಂದು ಹೆಣಿಕೆಯ ಹೊದಿಕೆ ಹಾಕಿದ್ದಾಳೆ.

ಸಿಟ್ಟಿನಲ್ಲಿರುವ,
ಮಡಿವಾಳೆಪ್ಪ


ತಂಬೂರ
೧೯ ನವೆಂಬರ್ ೨೦೨೪

ಮಡಿವಾಳೆಪ್ಪ,

ಚಾರ್ಜರಿನ ಮಾತು ಬರೆಯದಿದ್ದದ್ದು ನನ್ನ ತಪ್ಪೇ. ಬಸ್ಸಿಗೆ ಡೀಸೆಲ್ ಹಾಕಿಸುವ ಬಾಯಿಯೂ ಇದೆ ಎಂದು ಡ್ರೈವರನಿಗೆ ನಾನು ಹೇಳಿಕೊಡಬೇಕು ಎಂದು ತಿಳಿದಿರಲಿಲ್ಲ.

ಚಾರ್ಜರನ್ನು ಬಸ್ಸಿಗೆ ಹಾಕಿ ಕಳಿಸು. ನೀನು ಅದರ ಮೇಲೆ ಕೈ ಹಾಕಬೇಡ. ಬೇರೆ ಅಡಕತ್ತರಿಗಳ ಜೀವ ಉಳಿಯಲಿ. ನಾನು ಹಳದಿ ಕಡ್ಡಿಯದನ್ನು ಹಾಕಿ ವಾಪಸು ಕಳಿಸುತ್ತೇನೆ.

ನಿನ್ನ ಕಾಗದ ಬಂದ ದಿನ ಇಲ್ಲಿ ಎಲ್ಲರಿಗೂ ಹಬ್ಬ. ತಬಸುಮ್ ಅಡಕತ್ತರಿಯ ಭಾಗವನ್ನು ಮತ್ತೆ ಮತ್ತೆ ಓದಿದಳಂತೆ. ಅವಳ ಮಗಳು ನಾಜಮೀನ್ ಇನ್ನೂ ಸಣ್ಣವಳು, ಏನೂ ತಿಳಿಯದೆಯೇ ಎಲ್ಲರ ಜೊತೆ ನಕ್ಕಳು. ನಕ್ಕದ್ದು ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ ಕಿವಿ ಬೇಕಾಗುವುದಿಲ್ಲ.

ರೇವವ್ವಗೆ ಹೊಸ ಅಡಕತ್ತರಿ ಕೊಡಿಸು.

ಇಸ್ಮಾಯಿಲಸಾಬ


ತಂಬೂರ
೨ ಜನವರಿ ೨೦೨೫

ಮಡಿವಾಳೆಪ್ಪ ಕಾಕಾ ಅವರಿಗೆ ತಬಸುಮ್ ಮಾಡುವ ನಮಸ್ಕಾರ.

ಚಾರ್ಜರ್ ಮುಟ್ಟಿದ ಸುದ್ದಿ ಬಂತು. ಎಳ್ಳ ಅಮಾವಾಸ್ಯೆಗೆ ರೇವವ್ವ ಕಾಕು ಕಳಿಸಿದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಮುಟ್ಟಿತು. ನಾನು ಈ ಕಾಗದ ಬರೆಯುತ್ತಿರುವುದು ಅಬ್ಬಾಗೆ ಗೊತ್ತಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಹೇಳುವಾಗ ಅಳು ಬರುತ್ತದೆ, ಅಮ್ಮಿ ಪಕ್ಕದಲ್ಲೇ ಇರುತ್ತಾಳೆ.

ಕಾಕಾ, ಅಬ್ಬಾ ಮಾತು ಬಿಟ್ಟಿದ್ದಾರೆ. ಕಡಿಮೆ ಮಾಡಿದ್ದಲ್ಲ, ಪೂರಾ ಬಿಟ್ಟಿದ್ದಾರೆ. ಏನು ಬೇಕಾದರೂ ಪಾಟಿಯ ಮೇಲೆ ಬರೆದು ತೋರಿಸುತ್ತಾರೆ. ಕಿವಿ ಮಂದವಾದ ಮೇಲೆ ತಮ್ಮ ದನಿ ತಮಗೇ ಕೇಳುತ್ತಿರಲಿಲ್ಲ. ಮೆಲ್ಲಗೆ ಹೇಳಿದೆನೆಂದು ತಿಳಿದರೆ ಅದು ಓಣಿಗೆಲ್ಲ ಕೇಳುತ್ತಿತ್ತು. ಪಕ್ಕದ ಮನೆಯ ಖಾದರಬಿ, "ನಿಮ್ಮ ಮನ್ಯಾಗ ಏನ್ ಜಗಳಾರೀ?" ಎಂದು ಬಾಗಿಲಿಗೆ ಬರುತ್ತಿದ್ದರು. ಮಳೆಗಾಲದಲ್ಲಿ ಒಂದು ದಿನ ತೊಟ್ಟಿಲಿನ ಹತ್ತಿರ ಹೋಗಿ ನಾಜಮೀನಳನ್ನು ಮುದ್ದಿನಿಂದ ಕರೆದರು. ಕೂಸು ಬೆಚ್ಚಿ ಬಿದ್ದು, ಉಸಿರು ಕಟ್ಟಿದ ಹಾಗೆ ಅತ್ತಿತು. ಅವತ್ತೇ ಕೊನೆ. ಕಿವಿಗೆ ಮಶೀನು ಹಾಕಿಸಿದೆವು. ಎಲ್ಲಾ ಕರಕರ ಅನ್ನುತ್ತದೆ ಎಂದು ತೆಗೆದಿಟ್ಟರು.

ನಿಮ್ಮ ಕಾಗದ ಬಂದರೆ ಮಾತ್ರ ಅಬ್ಬಾ ಮೊದಲಿನ ಅಬ್ಬಾ. ನಿಮಗೆ ಯಾವ ಕನೆಕ್ಟರ್ ಸರಿ ಎಂದು ಆರಿಸಲು ಪೇಪರಿನ ಮೇಲೆ ಕೆಂಪು, ಹಳದಿ ಎಲ್ಲಾ ಸಾಲಾಗಿ ಹಚ್ಚಿಕೊಂಡು ಕೂತಿದ್ದರು. ಬಿಚ್ಚುವುದು, ಹಾಕುವುದು, ಊಟಕ್ಕೆ ಕರೆದರೂ ಏಳಲಿಲ್ಲ. ಆದರೆ ನಗುವಾಗಲೂ ಬಾಯಿ ಮುಚ್ಚಿ ನಗುತ್ತಾರೆ ಕಾಕಾ.

ನಿಮ್ಮ ಪಂದ್ಯಕ್ಕೆ ಅವರನ್ನು ಕರೆಯಿರಿ. ನಾವು ಎಲ್ಲಿಗೆ ಕರೆದರೂ ಬರುವುದಿಲ್ಲ, ಮಂದಿಯ ನಡುವೆ ಏನಾದರೂ ಬಾಯಿಂದ ಹೊರಟರೆ ಎಂಬ ಹೆದರಿಕೆ. ನೀವು ಕರೆದರೆ ಬಂದಾರು. ಅವರ ದನಿ ಕೇಳದೆ ಮನೆ ಬೇಜಾರಾಗಿದೆ.

ನಿಮ್ಮ ಮಗಳಂಥವಳು,
ತಬಸುಮ್


ಶಲವಡಿ
೧೭ ಜನವರಿ ೨೦೨೫

ಇಸ್ಮಾಯಿಲಸಾಬ,

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ತಬಸುಮ್ ನನಗೆ ಎಲ್ಲಾ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡ. ಸಿಟ್ಟು ಬಂದರೆ ನನ್ನ ಮೇಲೆ ಆಗು, ನನಗೆ ರೂಢಿ ಇದೆ.

ಓದಿದ ಮೇಲೆ ಎರಡು ದಿನ ನಾನು ಕಾರು ಹೊರಗೆ ತೆಗೆಯಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ನಿನ್ನ ದನಿ ಅಂದರೆ ಏನೆಂದು ನಿನ್ನ ಮನೆಯವರಿಗಿಂತ ನನಗೆ ಹೆಚ್ಚು ಗೊತ್ತು. ಮೊರಬದ ಕ್ರಾಸಿನಲ್ಲಿ ಬಸ್ಸು ತುಂಬಿ, ಟಾಪಿನ ಮೇಲೆ ಮೆಣಸಿನಕಾಯಿ ಚೀಲ, ಒಳಗೆ ಕೋಳಿ, ಕೂಸು, ಜಗಳ. ಅಷ್ಟರ ನಡುವೆ ಹಿಂದಿನಿಂದ ನಿನ್ನದೊಂದು "ರೈಟ್!" ಬಂದರೆ ಹೆಣ್ಣುಮಕ್ಕಳು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು, ಜಗಳ ಆಡುವವರು ಕಂಬಿ ಹಿಡಿಯುತ್ತಿದ್ದರು, ನಾನು ಗೇರು ಹಾಕುತ್ತಿದ್ದೆ. ಕನ್ನಡಿಯಲ್ಲಿ ನೋಡುವ ಅಗತ್ಯವೇ ಇರಲಿಲ್ಲ. ಸೀಟಿ ಕಳೆದುಹೋದ ತಿಂಗಳಲ್ಲಿ ಬರೀ ಬಾಯಿಂದಲೇ ನಡೆಸಿದೆವಲ್ಲ.

ಪಂದ್ಯ ಫೆಬ್ರುವರಿ ೨೩, ರವಿವಾರ. ಪ್ರತಿ ಡ್ರೈವರನಿಗೆ ಒಬ್ಬ ಜೊತೆಗಾರ ಇರಬಹುದು ಎಂದು ಮುಜಫರ್ ಹೇಳಿದ್ದಾನೆ. ಕಾರು ಮಗುಚಿದರೆ ಓಡಿಹೋಗಿ ಎತ್ತಿ ನಿಲ್ಲಿಸುವವನು. ನಾನು ನಿನ್ನ ಹೆಸರು ಕೊಟ್ಟುಬಿಟ್ಟೆ. ನೀನು ಓಡುವುದೇನೂ ಬೇಡ, ನಾನು ಮಗುಚುವವನಲ್ಲ. ಲಿಂಬೆಹಣ್ಣು ಬೇರೆ ಮಾತು. ನೀನು ಹಿಂದೆ ನಿಂತರೆ ಸಾಕು.

ಮಂದಿ ಏನೆಂದಾರು ಎಂದು ಬರುವುದು ಬೇಡ ಅನಿಸಿದರೆ, ಅಲ್ಲಿಗೆ ಬರುವ ಮಂದಿ ಬಯಲಲ್ಲಿ ನಿಂತು ಕಿರುಚುವುದಕ್ಕೇ ಬರುವವರು ಎಂದು ತಿಳಿದುಕೋ. ಬಾ ಮಾರಾಯಾ. ನಿನ್ನನ್ನು ನೋಡದೆ ಬಹಳ ದಿನವಾಯಿತು.

ನಿನ್ನ ದಾರಿ ನೋಡುವ,
ಮಡಿವಾಳೆಪ್ಪ


ತಂಬೂರ
೫ ಫೆಬ್ರುವರಿ ೨೦೨೫

ಮಡಿವಾಳೆಪ್ಪ,

ತಬಸುಮ್ ಮೇಲೆ ಸಿಟ್ಟಿಲ್ಲ. ಒಂದು ದಿನ ಇತ್ತು, ಹೋಯಿತು.

ನಾನು ಬರುವುದಿಲ್ಲ. ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ರಿಮೋಟಿನ ಗುಂಡಿ ಎಷ್ಟು ಒತ್ತಿದೆ ಎಂದು ನಿನಗೇ ಗೊತ್ತಾಗದಿದ್ದರೆ, ಕಾರು ಎಲ್ಲಿ ಹೋಗಿ ಯಾರ ಕಾಲಿಗೆ ಬಡಿಯುತ್ತದೆ ಎಂಬ ಹೆದರಿಕೆಯಲ್ಲಿ ಅದನ್ನು ಮುಟ್ಟುವೆಯಾ? ನನ್ನ ಗಂಟಲು ಈಗ ಹಾಗೆ. ಆ ಕೂಸಿನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ನಾನು "ಬಾ ಬಂಗಾರಾ" ಅಂದಿದ್ದೆ, ಅಷ್ಟೇ.

ಬೇರೆ ಮಾತು. ಪಂದ್ಯದ ಹಿಂದಿನ ದಿನ ಎರಡೂ ಕನೆಕ್ಟರುಗಳನ್ನು ಬಿಚ್ಚಿ ಕಡ್ಡಿಗಳನ್ನು ಒಣ ಬಟ್ಟೆಯಲ್ಲಿ ಒರೆಸು. ಎರೆಮಣ್ಣಿನ ಧೂಳು ಕೂತರೆ ಹಳದಿಯೂ ಬಿಸಿಯಾಗುತ್ತದೆ. ವೈರು ಗಾಲಿಗೆ ತಾಗದ ಹಾಗೆ ದಾರ ಕಟ್ಟು. ಬ್ಯಾಟರಿ ಚುಚ್ಚುವಾಗ ಕೊನೆಯವರೆಗೂ ಒತ್ತು, ಅರ್ಧಕ್ಕೆ ಬಿಡುವುದು ನಿನ್ನ ಹಳೇ ಚಟ. ಕನೆಕ್ಟರಿಗೆ ತೊಡಿಸಲು ರಾಜಮಾಬಿ ಹೊದೆಯುವ ಕೌದಿಯ ತುಂಡಿನಲ್ಲಿ ಒಂದು ಸಣ್ಣ ಚೀಲ ಹೊಲಿದಿದ್ದಾಳೆ, ಧೂಳಿಗೆ ಆಗುತ್ತದೆ. ಅದನ್ನೂ ಕಳಿಸಿದ್ದೇನೆ.

ಗೆದ್ದರೆ ಬರೆ. ಸೋತರೂ ಬರೆ.

ಇಸ್ಮಾಯಿಲಸಾಬ


ಶಲವಡಿ
೨೫ ಫೆಬ್ರುವರಿ ೨೦೨೫

ನನ್ನ ಕಂಡಕ್ಟರನಿಗೆ,

ನೀನು ನಿನ್ನೆ ಮೊನ್ನೆ ಇಲ್ಲೇ ಇದ್ದವನು, ನಿನಗೆ ಕಾಗದ ಯಾಕೆ ಎಂದು ರೇವವ್ವ ಕೇಳುತ್ತಾಳೆ. ಅವನು ಕಣ್ಣಿಂದ ಕಂಡದ್ದು ಬೇರೆ, ಕಿವಿಗೆ ಬೀಳದ್ದು ಬಹಳ ಇದೆ, ಅದನ್ನು ಯಾರಾದರೂ ಹೇಳಬೇಕಲ್ಲ ಅಂದೆ. ಮೊನ್ನೆ ತಬಸುಮ್ ಪಾಟಿ ಕೊಟ್ಟಳು, ಆದರೆ ಇಷ್ಟೆಲ್ಲ ಒಂದು ಪಾಟಿಯಲ್ಲಿ ಹಿಡಿಯುವಂಥದ್ದಲ್ಲ. ನಿಮಗೆ ಬಸ್ಸಿನ ಹೊತ್ತೂ ಆಗಿತ್ತು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನೀನು ಬರುವುದಿಲ್ಲ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಜೊತೆಗಾರನ ಜಾಗದಲ್ಲಿ ಅಮೃತಾಳನ್ನು ನಿಲ್ಲಿಸಿದೆ. ಹೊಟ್ಟು ತುಂಬಿದ ಚೀಲಗಳನ್ನು ಸುತ್ತಲೂ ಇಟ್ಟು, ಕಣ ಮಾಡಿದ ಹಾಗೆ ನೆಲಕ್ಕೆ ನೀರು ಹೊಡೆದು ಗುಂಡು ಉರುಳಿಸಿ ಪಂದ್ಯದ ದಾರಿ ಮಾಡಿದ್ದರು. ಗೆರೆಯ ಮೇಲೆ ಹತ್ತು ಹನ್ನೆರಡು ಕಾರು. ಎಲ್ಲಾ ಹುಡುಗರು, ನಡುವೆ ನಾನೊಬ್ಬ ಬಿಳಿ ಮೀಸೆ. ಕನೆಕ್ಟರ್ ಕೊನೆಯವರೆಗೂ ಒತ್ತಿದ್ದೆ, ಕೌದಿ ಚೀಲ ತೊಡಿಸಿದ್ದೆ. ಹುಡುಗರೆಲ್ಲ ಅದನ್ನು ನೋಡಿ, "ಕಾಕಾ, ನಿಮ್ಮ ಗಾಡಿಗೆ ಥಂಡಿ ಹತ್ತೇತೇನ್ರಿ?" ಎಂದು ಕಾಡಿದರು.

ಮುಜಫರ್ ಸೀಟಿ ಊದಿದ. ಜೋರಾಗಿ, ಉದ್ದಕ್ಕೆ. ಒಂದೇ ಒಂದು ಸೀಟಿ.

ಎಲ್ಲಾ ಕಾರುಗಳೂ ಧೂಳೆಬ್ಬಿಸಿ ಹೋದವು. ನನ್ನದು ನಿಂತಿತು. ನಿಂತದ್ದಲ್ಲ, ನಾನೇ ಬ್ರೇಕ್ ಒತ್ತಿ ಹಿಡಿದಿದ್ದೆ! ಒಂದು ಸೀಟಿ ಅಂದರೆ ಯಾರೋ ಇಳಿಯುವವರಿದ್ದಾರೆ ಎಂದೇ ನನ್ನ ತಲೆಗೆ. ಸುತ್ತಲೂ ಮಂದಿ ಬೊಬ್ಬೆ ಹಾಕಿದರು, "ಬಿಡ್ರೀ ಕಾಕಾ, ಬಿಡ್ರಿ!" ಅಮೃತಾ ತೋಳು ಜಗ್ಗಿದಳು, "ಅಪ್ಪಾ, ಶುರು ಆತು!" ನನಗೆ ಎಲ್ಲಾ ಕೇಳಿಸುತ್ತಿತ್ತು, ಆದರೆ ಬೆರಳು ಏಳಲಿಲ್ಲ. ಇಳಿಯುವವರು ಇನ್ನೂ ಇಳಿದಿಲ್ಲ, ಬಾಗಿಲಲ್ಲಿ ಮುದುಕಿ ಇದ್ದಾಳೆ, ಗಾಲಿಯ ಹತ್ತಿರ ಕೂಸು ಇದೆ ಎಂಬಂಥ ಹೆದರಿಕೆ. ಜೀವಮಾನವಿಡೀ ಕಾಲಿನಲ್ಲಿದ್ದದ್ದು ಬೆರಳಿಗೆ ಇಳಿದಿತ್ತು. ಮಂದಿ ನಗತೊಡಗಿದರು.

ಆಗ ಹಿಂದಿನಿಂದ ಬಂತು.

"ರೈ...ಟ್!"

ಸಾಬಾ, ನಿನಗೆ ಕೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅದು ಹೊಲ ದಾಟಿ ಹೋಯಿತು. ಹಳ್ಳದ ಕಡೆ ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತಿದವು. ಮುಜಫರನ ಬಾಯಿಂದ ಸೀಟಿ ಬಿತ್ತು. ನಾನು ತಿರುಗಿ ನೋಡಲೇ ಇಲ್ಲ, ಯಾವತ್ತು ನೋಡಿದ್ದೇನೆ? ಬೆರಳು ಬ್ರೇಕಿನಿಂದ ಎದ್ದಿತು, ಗಾಡಿ ಹೊರಟಿತು.

ಹತ್ತು ಸುತ್ತಿನ ಪಂದ್ಯ. ನಾನು ಎಲ್ಲರ ಹಿಂದೆ. ನಾಲ್ಕನೆಯ ಸುತ್ತಿಗೆ ಬಿಳಿ ಪ್ಲಗ್ಗಿನ ಕಾರುಗಳು ಒಂದೊಂದಾಗಿ ಸೊರಗಿ ನಿಂತವು. ಹುಡುಗರು ಓಡಿಹೋಗಿ ಊದುವುದೇನು, ಅಲುಗಾಡಿಸುವುದೇನು, ಬೆರಳು ಸುಟ್ಟುಕೊಳ್ಳುವುದೇನು! ನಮ್ಮ ಹಳದಿ ಕೌದಿಯೊಳಗೆ ತಣ್ಣಗೆ ಕೂತಿತ್ತು. ತಿರುವಿನಲ್ಲಿ ಹೆಣ್ಣುಮಗಳೊಬ್ಬಳು ಕೈ ಎತ್ತಿದಳು. ಒಂದು ಕ್ಷಣ ಬೆರಳು ತಡವರಿಸಿತು, ಆದರೆ ನಿಲ್ಲಿಸದೆ ಹೋದೆ. ಡಿಪೋಕ್ಕೆ ಕಂಪ್ಲೇಂಟ್ ಹೋದರೆ ಹೋಗಲಿ. ಮೂರನೆಯವನಾಗಿ ಬಂದೆ.

ಆಮೇಲೆ ತಿರುಗಿ ನೋಡಿದರೆ ನೀನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ತಪ್ಪು ಮಾಡಿದವನ ಹಾಗೆ. ಮಂದಿ ನಿನ್ನ ಕಡೆ ನೋಡಿ ನಗುತ್ತಿದ್ದರಲ್ಲ, ಏನೆಂದು ತಿಳಿದೆಯೋ ಏನೋ. ಏನೆನ್ನುತ್ತಿದ್ದರು ಎಂದು ಹೇಳುತ್ತೇನೆ ಕೇಳು. ಶಲವಡಿಯ ಮುದುಕಿಯೊಬ್ಬಳು, "ಅಯ್ಯ, ಇದು ನಮ್ಮ ನವಲಗುಂದ ಗಾಡಿ ಸಾಬನ ದನಿ ಅಲ್ಲೇನ? ಇನ್ನೂ ಹಂಗ ಐತಿ ಬೇ!" ಅಂದಳು. ಮುಜಫರ್ ನನ್ನ ಹತ್ತಿರ ಬಂದು, "ಕಾಕಾ, ಮುಂದಿನ ಸಲ ಸೀಟಿ ಬ್ಯಾಡ್ರಿ, ಅವರನ್ನ ಕರಸ್ರಿ" ಅಂದ. ನಿನ್ನ ತಬಸುಮ್ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು, ಅದನ್ನು ನೀನು ನೋಡಿದೆ. ನೋಡದೆ ಇದ್ದದ್ದು ಅವಳ ಸೊಂಟದ ಮೇಲಿದ್ದ ನಾಜಮೀನಳನ್ನು. ಕೂಸು ಬೆಚ್ಚಲಿಲ್ಲ ಸಾಬಾ. ನಿನ್ನ ಕಡೆ ಕೈ ಚಾಚಿ "ಐಟ್, ಐಟ್" ಅನ್ನುತ್ತಿತ್ತು.

ಒಂದು ಮಾತು ಮಾತ್ರ ನನಗೆ ತಿಳಿಯಲಿಲ್ಲ. ನಿನಗೆ ಸೀಟಿ ಕೇಳಲಿಲ್ಲ. ಒಂದು ಊದಿದನೋ ಎರಡು ಊದಿದನೋ ಗೊತ್ತಿಲ್ಲ. ಗಾಡಿ ಕೆಟ್ಟು ನಿಂತಿದೆ ಎಂದು ತಿಳಿಯದೆ, ನಾನು ಕಾಯುತ್ತಿದ್ದೇನೆ ಎಂದು ನಿನಗೆ ಹೇಗೆ ತಿಳಿಯಿತು?

ಮೂರನೆಯ ಬಹುಮಾನ ಒಂದು ಸ್ಟೀಲ್ ಡಬ್ಬಿ. ರೇವವ್ವ ಅದರಲ್ಲಿ ಶೇಂಗಾ ಚಟ್ನಿ ತುಂಬಿ ಕೊಟ್ಟಿದ್ದಾಳೆ. ಡಬ್ಬಿ ನಿನಗೇ, ವಾಪಸು ಕಳಿಸಬೇಡ.

ಮೂರನೆಯ ನಂಬರಿನ,
ಮಡಿವಾಳೆಪ್ಪ


ತಂಬೂರ
೧ ಮಾರ್ಚ್ ೨೦೨೫

ಮಡಿವಾಳೆಪ್ಪ,

ಡಬ್ಬಿ ಬಂತು. ನಾಳೆಯಿಂದ ರೋಜಾ ಉಪವಾಸ, ಅದಕ್ಕೇ ಚಟ್ನಿಯ ಅರ್ಧ ಇವತ್ತೇ ಮುಗಿಸಿದೆವು.

ಬರಬಾರದು ಎಂದೇ ಇದ್ದೆ. ಆದರೆ ಕನೆಕ್ಟರನ್ನು ನೀನು ಕೊನೆಯವರೆಗೂ ಒತ್ತುತ್ತೀಯೋ ಇಲ್ಲವೋ ಎಂಬ ಚಿಂತೆ ಹತ್ತಿತು. ದೂರದಿಂದ ನೋಡಿ ತಿರುಗಿ ಬರುವುದು ಎಂದು ತಬಸುಮ್ ಜೊತೆ ಹೊರಟೆ. ಮುಂದಿನದನ್ನು ನೀನೇ ಬರೆದಿದ್ದೀಯ.

ನೀನು ಕೇಳಿದ್ದಕ್ಕೆ ಉತ್ತರ. ನೀನು ದಾರಿ ನೋಡಿ ಗಾಡಿ ಓಡಿಸಿದೆ. ನಾನು ಅಷ್ಟು ವರ್ಷ ಹಿಂದಿನ ಬಾಗಿಲಲ್ಲಿ ನಿಂತು ನಿನ್ನ ಬೆನ್ನು ನೋಡಿದೆ. ನನ್ನ ಎರಡು ಸೀಟಿಗೆ ಕಾಯುವಾಗ ನಿನ್ನ ಎಡಭುಜ ಒಂದಿಷ್ಟು ಮೇಲೆ ಏಳುತ್ತದೆ. ಇದು ನಿನಗೂ ಗೊತ್ತಿಲ್ಲ, ರೇವವ್ವಗೂ ಗೊತ್ತಿರಲಿಕ್ಕಿಲ್ಲ. ಅವತ್ತು ಹೊಲದಲ್ಲಿ ಅದು ಎದ್ದಿತ್ತು. ಗಾಡಿ ಕೆಟ್ಟಿಲ್ಲ, ಇವನು ನನಗೆ ಕಾಯುತ್ತಿದ್ದಾನೆ ಎಂದು ಗೊತ್ತಾಯಿತು. ಗೊತ್ತಾದ ಮೇಲೆ ಬಾಯಿ ನನ್ನನ್ನು ಕೇಳಲಿಲ್ಲ.

ನಿನ್ನ ಕಾಗದವನ್ನು ಮನೆಯವರಿಗೆ ಓದಲು ಕೊಡಲಿಲ್ಲ. ಅಂಗಳದಲ್ಲಿ ಹೊರಸಿನ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ನಾನೇ ಓದಿದೆ, ಬಾಯಿ ಬಿಟ್ಟು. ನಾಜಮೀನ್ ತೊಡೆಯ ಮೇಲೆ ಇದ್ದಳು. "ರೈಟ್" ಬಂದಲ್ಲಿ ಓದಿದ್ದು ಸ್ವಲ್ಪ ಜೋರಾಯಿತು ಎಂದು ಕಾಣುತ್ತದೆ, ಯಾಕೆಂದರೆ ಖಾದರಬಿ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ರಾಜಮಾಬಿ ಅವಳಿಗೆ ಏನೋ ಹೇಳಿದಳು, ಖಾದರಬಿ ನಗುತ್ತಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಏನು ಹೇಳಿದೆ ಎಂದು ನಾನು ಕೇಳಿದೆ. ತಬಸುಮ್ ಪಾಟಿಯ ಮೇಲೆ ಬರೆದು ತೋರಿಸಿದಳು:

"ಜಗಳ ಏನಿಲ್ಲವಾ. ನಮ್ಮನಿಯವರು ಮಾತಾಡಾಕತ್ಯಾರ. ಕುಂದ್ರು, ಕೇಳು."

ರೈಟ್,
ಇಸ್ಮಾಯಿಲಸಾಬ